ಆಟಮ್ ಮಿನಿ ಲ್ಯಾಪ್‌ಟಾಪ್: ಬೂಟ್ ಮೆನುವಿನಲ್ಲಿ ಲಿನಕ್ಸ್ ಪೆನ್‌ಡ್ರೈವ್ ಕಾಣುತ್ತಿಲ್ಲ

ಪ್ರಶ್ನೆ:
ಇಂಟೆಲ್ ಆಟಮ್ ಝಡ್3735ಎಫ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಬೋರ್ಡ್‌ಗೇ ಅಂಟಿದ ಸ್ಟೋರೇಜ್ ಚಿಪ್). ಈಗಿರುವ ವಿಂಡೋಸ್ 10ಕ್ಕೆ ಅಪ್‌ಡೇಟ್ ಇಳಿಸಲೂ ಜಾಗ ಸಾಲದು. ಪೂರ್ತಿ ಅಳಿಸಿ ಲಿನಕ್ಸ್ ಹಾಕಬೇಕು. ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್ ಎರಡೂ ಆಫ್ ಇವೆ. ಆದರೂ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಬರುವುದಿಲ್ಲ. ಬೇರೆ ಲ್ಯಾಪ್‌ಟಾಪಿನಲ್ಲಿ ಅದೇ ಪೆನ್‌ಡ್ರೈವ್ ಬೂಟ್ ಆಗುತ್ತದೆ. ಸಿಪಿಯು 64 ಬಿಟ್ಟೇ. ತೊಂದರೆ ಎಲ್ಲಿರಬಹುದು?

ಉತ್ತರ 1:
ಸಿಪಿಯು 64 ಬಿಟ್, ಯುಇಎಫ್‌ಐ (ಆನ್ ಮಾಡಿದೊಡನೆ ಮೊದಲು ಓಡುವ ಫರ್ಮ್‌ವೇರ್) 32 ಬಿಟ್. ಬೇ ಟ್ರೇಲ್ (ನಿಮ್ಮ ಆಟಮ್ ಚಿಪ್‌ನ ತಲೆಮಾರು) ಕಾಲದ ಅಗ್ಗದ ಯಂತ್ರಗಳ ಹಣೆಬರಹ ಇದು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ‘ಸಿಸ್ಟಮ್ ಟೈಪ್’ ನೋಡಿ. ಎಕ್ಸ್86 ಎಂದಿದ್ದರೆ ಅನುಮಾನವೇ ಬೇಡ: ಯುಇಎಫ್‌ಐ ಮೋಡ್‌ನಲ್ಲಿ ವಿಂಡೋಸ್ ಎಷ್ಟು ಬಿಟ್ಟೋ ಫರ್ಮ್‌ವೇರ್ ಕೂಡ ಅಷ್ಟೇ ಬಿಟ್. ಲಿನಕ್ಸ್‌ಗೆ ಈ ಕಟ್ಟುಪಾಡಿಲ್ಲ. 3.15ನೇ ಆವೃತ್ತಿಯಿಂದೀಚೆಗೆ 64 ಬಿಟ್ ಕರ್ನಲ್ (ಲಿನಕ್ಸ್‌ನ ತಿರುಳು) 32 ಬಿಟ್ ಯುಇಎಫ್‌ಐ ಮೇಲೂ ಏಳಬಲ್ಲದು, ಅದನ್ನು ಎಬ್ಬಿಸುವ ಬೂಟ್‌ಲೋಡರ್ ಮಾತ್ರ 32 ಬಿಟ್ಟಿನದಿರಬೇಕು.

ಪೆನ್‌ಡ್ರೈವ್‌ನ ‘ಇಎಫ್‌ಐ’ ಫೋಲ್ಡರ್‌ನೊಳಗೆ ‘ಬೂಟ್’ ಫೋಲ್ಡರ್ ತೆರೆಯಿರಿ. ‘ಬೂಟ್‌ಎಕ್ಸ್64’ (64 ಬಿಟ್ ಬೂಟ್‌ಲೋಡರ್ ಫೈಲ್) ಒಂದೇ ಇದ್ದರೆ ನಿಮ್ಮ ಫರ್ಮ್‌ವೇರ್ ಆ ಡ್ರೈವನ್ನು ಲೆಕ್ಕಕ್ಕೇ ಇಡುವುದಿಲ್ಲ. ‘ಬೂಟ್‌ಐಎ32’ (32 ಬಿಟ್ಟಿನದು) ಕೂಡ ಇರುವ ಐಎಸ್‌ಒ (ಇನ್‌ಸ್ಟಾಲರ್ ಇಮೇಜ್ ಫೈಲ್) ಹುಡುಕಿ; ಡೆಬಿಯನ್ ಲಿನಕ್ಸ್ ಆದರೆ ತಲೆನೋವು ಕಡಿಮೆ. ಆ ಫೈಲನ್ನು ಆಮೇಲೆ ಸೇರಿಸುವುದಾದರೆ ರೂಫಸ್‌ನಲ್ಲಿ (ಪೆನ್‌ಡ್ರೈವ್‌ಗೆ ಐಎಸ್‌ಒ ಬರೆಯುವ ಸಾಧನ) ಐಎಸ್‌ಒ ಮೋಡ್ ಆರಿಸಿ. ಡಿಡಿ ಮೋಡ್‌ನಲ್ಲಿ (ಇಮೇಜನ್ನು ಇದ್ದಂತೆಯೇ ನಕಲಿಸುವುದು) ಬರೆದರೆ ಡ್ರೈವ್ ರೀಡ್-ಓನ್ಲಿ, ಏನನ್ನೂ ಸೇರಿಸಲಾಗದು.

ಉತ್ತರ 2:
ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಿಂದ ಹಲವು ಐಎಸ್‌ಒ ಬೂಟ್ ಮಾಡಿಸುವ ಸಾಧನ) ಬಳಸಿದರೆ ಅದರ ಮೆನು 32 ಬಿಟ್ ಯುಇಎಫ್‌ಐನಲ್ಲೂ ಬರುತ್ತದೆ, ಆದರೆ ಐಎಸ್‌ಒ ಒಳಗೆ ಐಎ32 ಲೋಡರ್ ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಮೆನು ಬಂತೆಂದು ನಂಬಬೇಡಿ.

32 ಬಿಟ್ ಡೆಬಿಯನ್ನೇ ಹಾಕಿಬಿಡೋಣ ಅನ್ನಿಸಬಹುದು. ಬೇಡ. 2025ರ ಡೆಬಿಯನ್ 13ರಿಂದ ಅದಕ್ಕೆ ಇನ್‌ಸ್ಟಾಲರೇ ಇಲ್ಲ.

ಪಾರ್ಟಿಶನ್ ಮಾಡುವಾಗ ಇಎಂಎಂಸಿ ‘ಎಂಎಂಸಿಬಿಎಲ್‌ಕೆ’ ಎಂಬ ಹೆಸರಲ್ಲಿ ಕಾಣುತ್ತದೆ. ಪಕ್ಕದಲ್ಲೇ ಬೂಟ್0, ಬೂಟ್1 ಅಂತ ಬಾಲ ಇರುವ ಪುಟ್ಟ ಭಾಗಗಳಿರುತ್ತವೆ, ಅವನ್ನು ಮುಟ್ಟಬೇಡಿ. 300 ಎಂಬಿ ಫ್ಯಾಟ್32 ಇಎಸ್‌ಪಿ (ಬೂಟ್‌ಲೋಡರ್ ಇರುವ ಪಾರ್ಟಿಶನ್), ಮಿಕ್ಕಿದ್ದೆಲ್ಲ ಎಕ್ಸ್ಟ್4. ಸ್ವಾಪ್ ಪಾರ್ಟಿಶನ್ ಬಿಟ್ಟು ರ‍್ಯಾಮ್‌ನ ಅರ್ಧದಷ್ಟು ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲೇ ಕುಗ್ಗಿಸಿಟ್ಟ ಸ್ವಾಪ್) ಕೊಡಿ. ಇಎಂಎಂಸಿ ನಿಧಾನ, ಪದೇ ಪದೇ ಬರೆದರೆ ಸವೆಯುತ್ತದೆ ಕೂಡ. ಡೆಸ್ಕ್‌ಟಾಪ್‌ಗೆ ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಸಾಕು.

ಪ್ರಶ್ನೆ ಕೇಳಿದವರು:
ಐಎ32 ಇರುವ ಐಎಸ್‌ಒದಿಂದ ಬೂಟ್ ಆಯಿತು, ಡೆಬಿಯನ್ ಇನ್‌ಸ್ಟಾಲ್ ಕೂಡ ಮುಗಿಯಿತು. ಪೆನ್‌ಡ್ರೈವ್ ತೆಗೆದರೆ ಮಾತ್ರ ನೇರ ಬಯಾಸ್ ಸೆಟಪ್‌ಗೆ ಹೋಗುತ್ತದೆ. ಲೈವ್‌ನಲ್ಲಿ (ಪೆನ್‌ಡ್ರೈವ್‌ನಿಂದಲೇ ಓಡಿಸಿದಾಗ) ಎರಡು ಸಲ ಸ್ಕ್ರೀನ್ ಪೂರ್ತಿ ಹ್ಯಾಂಗ್ ಕೂಡ ಆಯಿತು.

ಉತ್ತರ 1:
ಕೆಲವು ಫರ್ಮ್‌ವೇರ್‌ಗಳು ಹೊಸ ಬೂಟ್ ಎಂಟ್ರಿಯನ್ನು ಉಳಿಸಿಕೊಳ್ಳುವುದೇ ಇಲ್ಲ. ಲೈವ್‌ನಿಂದ ಕ್ರೂಟ್ ಮಾಡಿ (ಇನ್‌ಸ್ಟಾಲ್ ಆದ ವ್ಯವಸ್ಥೆಯೊಳಗೆ ಹೊಕ್ಕು), ಇಎಸ್‌ಪಿ ಮೌಂಟ್ ಆಗಿದೆಯೇ ನೋಡಿಕೊಂಡು, ಗ್ರಬ್‌ನ (ಡೆಬಿಯನ್‌ನ ಬೂಟ್‌ಲೋಡರ್) ಇಎಫ್‌ಐ-ಐಎ32 ಪ್ಯಾಕೇಜ್ ಹಾಕಿ. ಆಮೇಲೆ ಗ್ರಬ್-ಇನ್‌ಸ್ಟಾಲ್ ಅನ್ನು ಐ386-ಇಎಫ್‌ಐ ಟಾರ್ಗೆಟ್ ಜೊತೆ ‘ರಿಮೂವಬಲ್’ ಆಪ್ಶನ್ ಕೊಟ್ಟು ಓಡಿಸಿ. ಆಗ ಲೋಡರ್ ‘ಬೂಟ್‌ಐಎ32’ ಹೆಸರಲ್ಲೇ ಕೂರುತ್ತದೆ, ಎಂಟ್ರಿ ಇಲ್ಲದಿದ್ದರೂ ಫರ್ಮ್‌ವೇರ್ ಹುಡುಕುವ ಜಾಗ ಅದೇ.

ಹ್ಯಾಂಗ್ ಆಗುವುದು ಬೇ ಟ್ರೇಲ್‌ನ ಹಳೆಯ ಸಿ-ಸ್ಟೇಟ್ (ಸಿಪಿಯು ಬಿಡುವಿನಲ್ಲಿ ನಿದ್ರಿಸುವ ಹಂತ) ಕಾಯಿಲೆ ಇದ್ದಂತಿದೆ. ಗ್ರಬ್‌ನ ಕರ್ನಲ್ ಸಾಲಿಗೆ ಇಂಟೆಲ್-ಐಡಲ್‌ನ ‘ಮ್ಯಾಕ್ಸ್ ಸಿ-ಸ್ಟೇಟ್’ 1 ಎಂದು ಸೇರಿಸಿ ನೋಡಿ. ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಅದಿಲ್ಲದೆ ಹೊಸ ಕರ್ನಲ್ ಸರಿಯಾಗಿ ನಡೆದರೆ ತೆಗೆದುಬಿಡಿ.