ಅಪ್‌ಡೇಟ್: ಅಕ್ಕನ ವ್ಯಾಸ್ಕುಲೈಟಿಸ್‌ಗೆ ಕೊನೆಗೆ ಕೊಟ್ಟ ಚಿಕಿತ್ಸೆ

ರಕ್ತನಾಳಗಳ ಉರಿಯೂತ ಅಕ್ಕನ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ಇಳಿದಿದೆ, ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಔಷಧಿಗಳಾದ ಸೈಕ್ಲೊಫಾಸ್ಫಮೈಡ್ ಕೊಡಿಸುವುದೋ ರಿಟುಕ್ಸಿಮ್ಯಾಬ್ ಕೊಡಿಸುವುದೋ ಎಂದು ಐದು ತಿಂಗಳ ಹಿಂದೆ ಕೇಳಿದ್ದೆ. ಸುದ್ದಿ ಹೇಳುವುದು ತಡವಾಯಿತು, ಕ್ಷಮಿಸಿ.

ರಿಟುಕ್ಸಿಮ್ಯಾಬ್ ಕೊಡಿಸಿದೆವು, ವಾರಕ್ಕೊಂದರಂತೆ 4 ಡೋಸ್. ಅಕ್ಕನಿಗೆ ಮಕ್ಕಳು ಬೇಕೆಂಬ ಆಸೆಯಿದೆ. ಸೈಕ್ಲೊಫಾಸ್ಫಮೈಡ್ ಅಂಡಾಶಯಕ್ಕೆ ಪೆಟ್ಟು ಕೊಡಬಲ್ಲದು. ರೋಗವನ್ನು ಹತೋಟಿಗೆ ತರುವುದರಲ್ಲಿ ರಿಟುಕ್ಸಿಮ್ಯಾಬ್ ಅದಕ್ಕಿಂತ ಹಿಂದೆ ಬೀಳುವುದಿಲ್ಲ ಎಂದು 2010ರ ಅಧ್ಯಯನವೊಂದು ತೋರಿಸಿದೆಯಂತೆ. ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿದರು. ದೇಹದಲ್ಲಿ ಅಡಗಿರುವ ಆ ವೈರಸ್ಸನ್ನು ಈ ಔಷಧಿ ಮತ್ತೆ ಎಬ್ಬಿಸಬಹುದು, ಆದ್ದರಿಂದ ಯಾರೂ ಈ ಪರೀಕ್ಷೆಯನ್ನು ತಪ್ಪಿಸಬೇಡಿ.

ಪ್ಲಾಸ್ಮಾ ಬದಲಾವಣೆ (ರಕ್ತದ ದ್ರವಭಾಗ ತೆಗೆದು ಬದಲಿ ದ್ರವ ಕೊಡುವುದು) ಮಾಡಲೇಬೇಕೆಂದು ನಾನು ಹಟ ಹಿಡಿದಿದ್ದೆ. ವೈದ್ಯರು ಒಪ್ಪಲಿಲ್ಲ. ಸಾವು ಅಥವಾ ಮೂತ್ರಪಿಂಡ ವೈಫಲ್ಯ ಅದರಿಂದ ಒಟ್ಟಾರೆ ಕಡಿಮೆಯಾಗಲಿಲ್ಲ ಎಂದು 2020ರ ಅಧ್ಯಯನ ಹೇಳಿದೆ. ಅಂದು ಸಿಟ್ಟು ಬಂದಿತ್ತು, ಈಗ ಇಲ್ಲ.

ನಿಜವಾಗಿ ಹಣ್ಣುಗಾಯಿ ಮಾಡಿದ್ದು ಸ್ಟೀರಾಯ್ಡ್. ಮೂರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್, ಬಳಿಕ ಮಾತ್ರೆ. ಮುಖ ಊದಿತು, ನಿದ್ರೆ ಹೋಯಿತು, ಸಕ್ಕರೆ ಏರಿತು. ಕನ್ನಡಿ ನೋಡುವುದನ್ನೇ ಅಕ್ಕ ಬಿಟ್ಟಿದ್ದಳು. ಡೋಸ್ ಬೇಗ ಇಳಿಸಿದರೂ ಫಲಿತಾಂಶ ಕೆಡುವುದಿಲ್ಲ, ಗಂಭೀರ ಸೋಂಕು ಕಡಿಮೆ ಎಂದು 2020ರ ಅದೇ ಅಧ್ಯಯನ ತೋರಿಸಿದ್ದರಿಂದ ಬೇಗನೆ ಇಳಿಸಿದರು. ಈಗ 5 ಮಿಲಿಗ್ರಾಂ. ನ್ಯುಮೋನಿಯಾ ತಡೆಯಲು ಕೋಟ್ರೈಮಾಕ್ಸಜೋಲ್ ಕೂಡ ಇದೆ.

ಮೂತ್ರಪಿಂಡದ ಕೆಲಸ ಕುಂದಿದರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 3.1ರಿಂದ 1.6ಕ್ಕೆ ಇಳಿದಿದೆ. ಕಫದಲ್ಲಿ ರಕ್ತವಿಲ್ಲ. ಮೂಗಿನೊಳಗೆ ಹಕ್ಕಳೆ ಕಟ್ಟುವುದು ಮಾತ್ರ ನಿಂತಿಲ್ಲ. ರೋಗ ಮರುಕಳಿಸದಂತೆ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಡೋಸ್ ಮುಂದುವರಿಯಲಿದೆ, ಮೊದಲನೆಯದು ಮುಂದಿನ ತಿಂಗಳು.