ಕೆರೆ ಹತ್ತಿರದ ಹೊಲ ಲೇಔಟ್ ಮಾಡಲಿಕ್ಕೆ ಎಷ್ಟು ಜಾಗ ಬಿಡಬೇಕು? ಹಳ್ಳಕ್ಕೆ ಬದಲಿ ಕೊಟ್ಟರ ನಡೀತೈತೇನ್ರಿ?

ಡೋಣಿ_ದಂಡೆ:
ವಿಜಯಪುರ ಪಾಲಿಕೆ ಹದ್ದಿನೊಳಗ 4 ಎಕರೆ ಎರೆ ಹೊಲ. ಪಡುವಣಕ್ಕ ಕೆರೆ. ಉತಾರದಾಗ (ಪಹಣಿಯೊಳಗ) 11 ಗುಂಟೆ ಖರಾಬು, ಅದರಾಗ ಕೆರೆಗೆ ಹೋಗೋ ಸಣ್ಣ ಹಳ್ಳ. ಹಳ್ಳ ಮುಚ್ಚಿ, ಅಷ್ಟೇ ಜಾಗ ಬ್ಯಾರೆ ಮೂಲಿಗೆ ಬಿಟ್ಟು ಹೊಂಡ ತೋಡಿಸ್ತೀವಿ ಅಂತಾರ ಮಾಲಕರು. ಕೆರೆಯಿಂದ 75 ಮೀಟರ್ ಬಿಡಬೇಕು ಅಂತ ಒಬ್ಬ ಏಜೆಂಟ, 6 ಸಾಕು ಅಂತ ಇನ್ನೊಬ್ಬ. ಯಾವುದು ಖರೆ?

ಹದ್ದುಬಸ್ತು:
75 ಮೀಟರ್ ಮರೆತುಬಿಡ್ರಿ. ಅದು 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನಿಮಗೆ ಲೆಕ್ಕಕ್ಕೆ ಬರೋದು 2014ರ ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ. ಅದು ಹೇಳಿದ್ದು ಕೆರೆಯ ಹೊರಗಡಿಯಿಂದ 30 ಮೀಟರ್.

6 ಮೀಟರ್ ಅನ್ನೋದು 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆಯ ಮಾತು: 1ರಿಂದ 10 ಎಕರೆ ಕೆರೆಗೆ 6 ಮೀಟರ್, 25 ಎಕರೆ ತನಕ 12, ನೂರರ ತನಕ 24, ಅದಕ್ಕೂ ದೊಡ್ಡದಕ್ಕೆ 30. ಮಸೂದೆ ಬೇರೆ, ಕಾಯ್ದೆ ಬೇರೆ. ಅರ್ಜಿ ಹಾಕುವ ದಿನ ರಾಜ್ಯಪತ್ರದಲ್ಲಿ ಏನಿರುತ್ತೋ ಅದನ್ನೇ ಹಿಡೀರಿ. ನಕ್ಷೆ 30ಕ್ಕೇ ಬರೆಸಿದರೆ ಎರಡು ಕಡೆಯೂ ಸುರಕ್ಷಿತ.

ಹೆಚ್ಚಿನವರು ಎಡವೋದು ಎಷ್ಟು ಮೀಟರ್ ಅನ್ನೋದರಲ್ಲಲ್ಲ, ಎಲ್ಲಿಂದ ಅಳೀಬೇಕು ಅನ್ನೋದರಲ್ಲಿ. ಬೇಸಿಗೆಯಲ್ಲಿ ನೀರಿನ ಅಂಚಿಗೆ ಟೇಪ್ ಹಿಡಿದು 30 ಮೀಟರ್ ಬಿಟ್ಟೆವು ಅಂತಾರೆ. ಕೆರೆ ಅಂದರೆ ಕೆರೆಯ ಸರ್ವೆ ನಂಬರಿನ ಗಡಿ, ನೀರು ಎಲ್ಲಿಗೆ ಇಳಿದಿದೆ ಅನ್ನೋದಲ್ಲ. ಗ್ರಾಮನಕ್ಷೆ, ಕೆರೆಯ ಮತ್ತು ನಿಮ್ಮ ಹೊಲದ ಟಿಪ್ಪಣಿ (ಅಳತೆಯ ಮೂಲ ನಕ್ಷೆ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ತೆಗೆಸಿ, ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲಿಕ್ಕೆ, ಅರ್ಜಿ ಹಾಕಿ ಕಲ್ಲು ನೆಡಿಸಿರಿ. ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಅಂದಾಜಿಗೆ ಅಷ್ಟೇ. ಮೊಬೈಲ್ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ, ನಿವೇಶನದ ಒಂದು ಸಾಲೇ ಹೋಗುವಷ್ಟು.

ಆಮೇಲೆ ಖರಾಬು. 'ಅ' ಖರಾಬು ಆದರೆ ಕಲ್ಲು, ಗುಂಡಿ, ಸಾಗುವಳಿಗೆ ಬಾರದ ಜಾಗ, ಅದು ಮಾಲಕರದೇ. 'ಬ' ಖರಾಬು ಆದರೆ ಹಳ್ಳ, ದಾರಿ, ಸಾರ್ವಜನಿಕರದು. ನಿಮ್ಮ ಉತಾರದಲ್ಲಿ ಅದು ಕೂತಿದ್ದರೂ ಮಾರುವ ಹಕ್ಕಿಲ್ಲ. 11 ಗುಂಟೆಯಲ್ಲಿ ಎಷ್ಟು 'ಅ', ಎಷ್ಟು 'ಬ' ಅಂತ ಮೊದಲು ಬೇರ್ಪಡಿಸ್ರಿ.

ನೀರಗಂಟಿ_88:
ಬದಲಿ ವಿಚಾರ. ಅಮೆರಿಕದಲ್ಲಿ ಜೌಗು ಹಾಳು ಮಾಡಿದವರು ಬೇರೆ ಕಡೆ ಜೌಗು ಬೆಳೆಸಿದವರಿಂದ 'ಕ್ರೆಡಿಟ್' ಕೊಳ್ಳುವ ಪದ್ಧತಿ ಇದೆ. ನಮ್ಮ 2017ರ ಜೌಗುಭೂಮಿ ನಿಯಮಗಳಲ್ಲಿ ಅಂಥ ದಾರಿಯೇ ಇಲ್ಲ. ಅರಣ್ಯಭೂಮಿಗೆ ಪರ್ಯಾಯ ಅರಣ್ಯೀಕರಣ (ಬದಲಿಗೆ ಬೇರೆ ಕಡೆ ಕಾಡು ಬೆಳೆಸೋದು) ಇದೆ, ಕಡಿದ ಮರಕ್ಕೆ 1976ರ ವೃಕ್ಷ ಕಾಯ್ದೆಯಡಿ ಸಸಿ ನೆಡೋದಿದೆ. ಈ ಎರಡನ್ನು ಕೇಳಿದವರು ಹಳ್ಳಕ್ಕೂ ಅದೇ ನಡೆಯುತ್ತೆ ಅಂದುಕೊಳ್ಳುತ್ತಾರೆ. ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹಳ್ಳ, ಕೆರೆ ಸರ್ಕಾರದ್ದು. ಸರ್ಕಾರದ ಆಸ್ತಿ ಮುಚ್ಚಿ ಸರ್ಕಾರಕ್ಕೇ ಬದಲಿ ಕೊಡೋದು ಮಾಲಕರ ಕೈಯಲ್ಲಿಲ್ಲ.

ಅಂದಹಾಗೆ, ಆ 2017ರ ನಿಯಮ ನಿಮ್ಮ ಕೆರೆಗೆ ಹತ್ತದೇ ಇರಬಹುದು. ಕುಡಿಯುವ ನೀರಿಗೆ, ನೀರಾವರಿಗೆ ಅಂತಲೇ ಕಟ್ಟಿದ್ದನ್ನು ಅದು ಹೊರಗಿಟ್ಟಿದೆ. ಉದಾಹರಣೆಗೆ, ವಿಜಯಪುರದಲ್ಲೇ ಇರುವ ಆದಿಲ್‌ಶಾಹಿ ಕಾಲದ ಬೇಗಂ ತಾಲಾಬ್ ಕೆರೆ ಕಟ್ಟಿದ್ದೇ ಊರಿನ ಕುಡಿಯುವ ನೀರಿಗೆ. ಹಾಗಂತ ರಕ್ಷಣೆ ಇಲ್ಲ ಅಂತಲ್ಲ, 2014ರ ಕಾಯ್ದೆ ಇದ್ದೇ ಇದೆ.

ಹಳ್ಳ ಮುಚ್ಚಿ 600 ಮಿ.ಮೀ. ಪೈಪು ಹೂಳುವ ಉಪಾಯವೂ ಬೇಡ. ಎರೆ ಹೊಲದ ನೀರು ಮಣ್ಣು ಹೊತ್ತು ತರುತ್ತೆ, ಪೈಪಿನೊಳಗೆ ಹೂಳು ಕೂರುತ್ತೆ, ಮುಂದಿನ ದೊಡ್ಡ ಮಳೆಗೆ ನೀರು ಮೇಲಿನ ಹೊಲಕ್ಕೆ ಮಗುಚುತ್ತೆ.

ಡೋಣಿ_ದಂಡೆ:
ತಿಳೀತ್ರಿ. ಹಂಗಾದ್ರ ಹೊಂಡ ಬ್ಯಾಡೇನು? ಇಂಗುಗುಂಡಿ ಹಾಕಿದ್ರ?

ಎರೆಮಣ್ಣು:
ಹೊಂಡ ಬೇಕು. ಆದರೆ ಹಳ್ಳಕ್ಕೆ ಬದಲಿ ಅಂತಲ್ಲ, ಲೇಔಟಿನಿಂದ ಹೆಚ್ಚಾಗುವ ನೀರು ಹಿಡಿಯಲಿಕ್ಕೆ. 4 ಎಕರೆ ಅಂದರೆ ಸುಮಾರು 16,200 ಚದರ ಮೀಟರ್. 50 ಮಿ.ಮೀ. ಮಳೆಗೆ ಬರೀ ಹೊಲದಿಂದ ಶೇ. 30 ಹರಿದರೆ 243 ಘನಮೀಟರ್. ಶೇ. 60 ಭಾಗ ರಸ್ತೆ, ಚಾವಣಿ ಆಗಿ ಅಲ್ಲಿಂದ ಶೇ. 90 ಹರಿದರೆ ಒಟ್ಟು ಸುಮಾರು ಶೇ. 66 ಹರಿಯುತ್ತೆ, ಅಂದರೆ 535. ಹಿಡಿಯಬೇಕಾದ್ದು ಈ ಎರಡರ ವ್ಯತ್ಯಾಸ, ಸುಮಾರು 290.

ಎರೆ ಮಣ್ಣು ನೆಂದರೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತೆ. ಅಲ್ಲಿ ಇಂಗುಗುಂಡಿ ಮೊದಲ ಮಳೆಗೇ ತುಂಬಿ ಹಾಗೇ ನಿಲ್ಲುತ್ತೆ. ಅದಕ್ಕೇ ತಡೆದು ನಿಧಾನ ಬಿಡುವ ಹೊಂಡ. ನೀರಿನ ಮಟ್ಟದಲ್ಲಿ 21×13 ಮೀಟರ್, ನೀರಿನ ಆಳ ಒಂದೂವರೆ ಮೀಟರ್, ಪಕ್ಕದ ಇಳಿಜಾರು 1:1.5 (ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ) ಇಟ್ಟರೆ 305 ಘನಮೀಟರ್ ಹಿಡಿಯುತ್ತೆ. ಅದರ ಮೇಲೆ 30 ಸೆಂ.ಮೀ. ಖಾಲಿ ಬಿಡ್ರಿ. ನೆಟ್ಟಗೆ ತೋಡಿದರೆ ಎರೆ ಕುಸಿಯುತ್ತೆ.

ತಳದಲ್ಲಿ ನೀರು ಹೊರಹೋಗುವ ಬಿಡುಗಂಡಿ 75 ಮಿ.ಮೀ. ಸಾಕು, ತುಂಬಿದ ಹೊಂಡ ಸುಮಾರು ಅರ್ಧ ದಿನದಲ್ಲಿ ಖಾಲಿ. ಗುತ್ತಿಗೆದಾರರು ಕಟ್ಟಿಕೊಳ್ಳುತ್ತೆ ಅಂತ ಹೆದರಿ 300 ಮಿ.ಮೀ. ಪೈಪು ಕೂರಿಸುತ್ತಾರೆ. ಮುಕ್ಕಾಲು ತಾಸಿನಲ್ಲಿ ಬರಿದು, ಹೊಂಡ ಇದ್ದೂ ಇಲ್ಲದಂಗೆ. ಕಟ್ಟಿಕೊಳ್ಳಬಾರದು ಅಂದರೆ ಗಂಡಿಗೆ ಜಾಲರಿ, ಹೊಂಡಕ್ಕೆ ನೀರು ಬೀಳುವಲ್ಲಿ ಹೂಳುತೊಟ್ಟಿ. ತುಂಬಿದ ಮೇಲಿನ ನೀರಿಗೆ ಕಲ್ಲು ಹಾಸಿದ ಕೋಡಿ. ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿಗೆ ಮೊದಲು ಒಮ್ಮೆ ಹೂಳು ತೆಗೆಸ್ರಿ.

ಈ ಹೊಂಡವನ್ನು ಕೆರೆಯ 30 ಮೀಟರಿನೊಳಗೆ ಬರೀಬ್ಯಾಡ್ರಿ. ಬಚ್ಚಲ ನೀರನ್ನೂ ಇದಕ್ಕೆ ಜೋಡಿಸಬ್ಯಾಡ್ರಿ. ಒಂದು ಮನೆ ಜೋಡಿಸಿದರೂ ಇದು ಗಟಾರ ಆಗಿ, ಗಂಡಿಯಿಂದ ಸೀದಾ ಕೆರೆಗೆ ಹೋಗುತ್ತೆ.