‘ಹಳೇ’ ಅಂದರೆ ಹಳತೋ, ಈಗ ಇಲ್ಲದ್ದೋ?

ಒಂದು ಸಣ್ಣ ಊರಿನ ಬೀದಿಯ ಫೋಟೋಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಜಾಗ ಒಂದೇ, ಆಗಿನದೊಂದು ಫೋಟೋ, ಈಗಿನದೊಂದು. ‘ಹಳೇ ಅಂಚೆ ಕಚೇರಿ’ ಎಂದು ಬರೆದವನು ಅಲ್ಲೇ ನಿಂತುಬಿಟ್ಟೆ. ಇದನ್ನು ಓದಿದವರಿಗೆ ಏನು ತಿಳಿಯುತ್ತದೆ?

ಕಟ್ಟಡಕ್ಕೆ ವಯಸ್ಸಾಗಿದೆ, ಕಚೇರಿ ಇನ್ನೂ ಅಲ್ಲೇ ಇದೆ ಅನ್ನಬಹುದು. ಊರಲ್ಲಿ ಎರಡು ಕಚೇರಿಗಳಿವೆ, ಇದು ಮೊದಲು ಬಂದದ್ದು ಅಂತಲೂ ಆಗುತ್ತದೆ. ಇಲ್ಲವೇ ಕಚೇರಿ ಎಂದೋ ಎದ್ದುಹೋಗಿದೆ, ಈಗ ಅಲ್ಲಿರುವುದು ಬೇರೆ ಏನೋ. ನನಗೆ ಬೇಕಾದದ್ದು ಈ ಕೊನೆಯದು.

ಮಾತಿನಲ್ಲಿ ಇದು ತೊಡಕೇ ಅಲ್ಲ. ‘ಹಳೇ ಟಾಕೀಸ್ ಹತ್ರ ಎಡಕ್ಕೆ ತಿರುಗಿ’ ಅಂದರೆ ಊರಿನವರಿಗೆ ಸಾಕು. ಹೊರಗಿನಿಂದ ಬಂದವರು ಮಾತ್ರ ಟಾಕೀಸನ್ನು ಹುಡುಕುತ್ತಾ ಮುಂದೆ ಹೋಗಿಬಿಡುತ್ತಾರೆ.

‘ಈಗ ಅದಲ್ಲ’ ಎಂಬ ಈ ಅರ್ಥ ಹೊಸದೇನೂ ಅಲ್ಲ. ‘ಹಳೇ ವಿದ್ಯಾರ್ಥಿ’ ಅಂದರೆ ವಯಸ್ಸಾದ ವಿದ್ಯಾರ್ಥಿ ಅಲ್ವಲ್ಲ, ಈಗ ವಿದ್ಯಾರ್ಥಿಯಾಗಿ ಉಳಿಯದವರು. ಹಳೇಬೀಡು ನೋಡಿ. ಹೊಯ್ಸಳರ ಕಾಲದಲ್ಲಿ ಅದು ದೋರಸಮುದ್ರ. ಬೀಡು ಅಂದರೆ ಅರಸರ ನೆಲೆ. 14ನೇ ಶತಮಾನದ ದಾಳಿಗಳ ನಂತರ ಆ ನೆಲೆ ಹೋಯಿತು, ‘ಹಳೇ’ ಹೆಸರಿನೊಳಗೇ ಸೇರಿಕೊಂಡಿತು. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹೀಗಾಗಲಿಲ್ಲ. ಆ ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ, ಆದರೂ ಯಾರೂ ‘ಹಳೇ ಮೆಜೆಸ್ಟಿಕ್’ ಅನ್ನುವುದಿಲ್ಲ. ಕಟ್ಟಡದ ಹೆಸರು ಇಡೀ ಜಾಗದ ಹೆಸರಾದ ಮೇಲೆ ‘ಹಳೇ’ ಬೇಕಾಗುವುದಿಲ್ಲ ಅಂತ ನನಗನ್ನಿಸುತ್ತದೆ.

ಬೇರೆ ಪದಗಳನ್ನೂ ಹಾಕಿ ನೋಡಿದೆ. ‘ಮಾಜಿ’ ಅರಬ್ಬಿಯಿಂದ ಬಂದದ್ದು, ಕಳೆದುಹೋದ ಕಾಲ ಎಂಬುದು ಅದರ ಮೂಲ ಅರ್ಥ. ಹಾಗಾಗಿ ಹೊಂದಬೇಕಿತ್ತು. ಆದರೆ ಕನ್ನಡದಲ್ಲಿ ಅದು ಮನುಷ್ಯರಿಗೇ ಮೀಸಲು: ಮಾಜಿ ಸಚಿವರು, ಮಾಜಿ ಸೈನಿಕರು. ‘ಮಾಜಿ ಅಂಚೆ ಕಚೇರಿ’ ಕಿವಿಗೆ ಒಗ್ಗುವುದಿಲ್ಲ. ‘ಹಿಂದಿನ ಕಟ್ಟಡ’ ಅಂದರೆ ಹಿಂಬದಿಯಲ್ಲಿರುವ ಕಟ್ಟಡವೂ ಆಗುತ್ತದೆ. ‘ಮೊದಲಿನ’ ಅಂದರೆ ಸಾಲಿನಲ್ಲಿ ಮೊದಲನೆಯದು ಎಂದು ಕೇಳಿಸುತ್ತದೆ. ‘ಪೂರ್ವ’ ಅಂತೂ ದಿಕ್ಕಿಗೇ ಹೋಗುತ್ತದೆ. ಕಾಲವನ್ನು ಹೇಳುವ ಪದಗಳೇ ಜಾಗವನ್ನೂ ಹೇಳುತ್ತವೆ. ಬೀದಿಯ ಬಗ್ಗೆ ಬರೆಯುವಾಗ ಈ ಕಷ್ಟ ಜಾಸ್ತಿ.

ಗೊಂದಲವಿಲ್ಲದೆ ನಿಲ್ಲುವುದು ‘ಇದ್ದ’ ಒಂದೇ. ‘ಅಂಚೆ ಕಚೇರಿ ಇದ್ದ ಕಟ್ಟಡ’ ಅಂದರೆ ಕಟ್ಟಡ ಉಳಿದಿದೆ. ‘ಅಂಚೆ ಕಚೇರಿ ಇದ್ದ ಜಾಗ’ ಅಂದರೆ ಬಹುಶಃ ಅದೂ ಇಲ್ಲ. ಇಷ್ಟು ಚಿಕ್ಕ ಪದ ಇಷ್ಟೆಲ್ಲ ಹೇಳುತ್ತದಲ್ಲ ಎಂದು ಖುಷಿಯಾಯಿತು. ಆದರೆ ಪ್ರತಿ ಫೋಟೋದ ಕೆಳಗೂ ಹೀಗೇ ಬರೆದರೆ ಅದು ವಿವರಣೆಯಾಗುತ್ತದೆ, ಹೆಸರಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪದ. ದಾರಿ ಹೇಳಲು ನೆರವಾಗುವ ಕಟ್ಟಡಕ್ಕೋ ಮರಕ್ಕೋ ‘ಹೆಗ್ಗುರುತು’ ಎಂಬ ಪದ ಬಳಕೆಯಲ್ಲಿದೆ. ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರಗಳ ಹಾಗೇ ಕಟ್ಟಿದ ಪದ, ನನಗೆ ತುಂಬಾ ಇಷ್ಟ. ಆದರೆ ಅದು ಕಣ್ಣಿಗೆ ಕಾಣುವ ದೊಡ್ಡದನ್ನು ಸೂಚಿಸುತ್ತದೆ. ಕಡಿದುಹೋದ ಆಲದ ಮರದ ಹೆಸರಲ್ಲಿ ಜನ ಇನ್ನೂ ದಾರಿ ಹೇಳುತ್ತಿದ್ದರೆ ಅದನ್ನು ಹೆಗ್ಗುರುತು ಅನ್ನಬಹುದೇ? ಗುರುತು, ಗುರಿ, ಕುರುಹು ಒಂದೇ ಬೇರಿನವು. ಇವುಗಳಲ್ಲಿ ‘ಕುರುಹು’ ಹತ್ತಿರವಾಗಬಹುದು ಎಂದುಕೊಂಡೆ, ಹೋದದ್ದು ಬಿಟ್ಟುಹೋದ ಗುರುತು ಎಂಬ ಅರ್ಥವೂ ಅದರಲ್ಲಿದೆ. ಇಲ್ಲಿ ಆ ಕುರುಹು ಹೆಸರೊಂದೇ, ಬಾಯಲ್ಲಿ ಮಾತ್ರ ಉಳಿದದ್ದು.

ನಿಮ್ಮ ಕಡೆಯ ಮಾತಿನಲ್ಲಿ ಇಂಥ ಹೆಸರಿಗೆ ಬೇರೆ ಪದ ಇದೆಯೇ? ‘ಹಳೇ’, ‘ಇದ್ದ’ ಎರಡನ್ನೂ ಬಿಟ್ಟು, ಕಟ್ಟಡ ಈಗಿಲ್ಲ ಎಂದು ಒಂದೇ ಪದದಲ್ಲಿ ಹೇಳುವುದನ್ನು ಯಾರಾದರೂ ಕೇಳಿದ್ದೀರಾ? ಹಿರಿಯರ ಬಾಯಲ್ಲಿ ಕೇಳಿದ್ದಾದರೆ, ಆ ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿ.